ಪದಚರ್ಚೆ: ಕಿಡ್ನಿ ಕಸಿ ಹಾಳೆನಾಗ ‘ಕಾಂಪ್ಲಿಮೆಂಟ್’ಗೆ ಏನ್ ಬರೀಲಿ?

(ಬಳ್ಳಾರಿ)
ನಮಸ್ಕಾರ್ರಿ, ಕಿಡ್ನಿ ಕಸಿ ಆದೋರಿಗೆ ಕೊಡೋ ಮಾಹಿತಿ ಹಾಳೆ ಕನ್ನಡಕ್ಕ ಮಾಡಾಕತ್ತೀನಿ, ಸಂಜಿಗೆ ಪ್ರೆಸ್ಸಿಗೆ ಹೋಗ್ಬೇಕು. ಕಾಂಪ್ಲಿಮೆಂಟ್ ಸಿಸ್ಟಮ್‌ಗೆ ‘ಪೂರಕ ವ್ಯವಸ್ಥೆ’ ಅಂತಾರ, ಆದ್ರ ನಮ್ಮ ಕಡೆ ಪೂರಕ ಅಂದ್ರ ಫೇಲಾದೋರ ಪರೀಕ್ಷೆ, ಇಲ್ಲಾ ಅಂಗನವಾಡಿ ಆಹಾರ. ಓದಿದೋರು ಇಮ್ಯುನಿಟಿ ಪುಡಿ ಗುಳಿಗಿ ತಂದು ನುಂಗಿದ್ರ ಕಷ್ಟ, ಅವ್ರು ಟ್ಯಾಕ್ರೊಲಿಮಸ್ ಅನ್ನೋ ಔಷಧ ತಗೊಳ್ಳೋದೇ ಇಮ್ಯುನಿಟಿ ತಗ್ಗಿಸಾಕ. ವಿಷಯ ಇಷ್ಟು: ಕಾಂಪ್ಲಿಮೆಂಟ್ ಅಂದ್ರ ರಕ್ತದಾಗಿರೋ 30ಕ್ಕೂ ಹೆಚ್ಚು ಪ್ರೋಟೀನು, ಬಹಳಷ್ಟು ಲಿವರಿನಾಗ ತಯಾರಾಗ್ತಾವ. ಹೊಸ ಕಿಡ್ನಿಗೆ ಪ್ರತಿಕಾಯ (ಆಂಟಿಬಾಡಿ) ಅಂಟಿದ್ರ ಇವು ಒಂದರ ಹಿಂದ ಒಂದು ಎದ್ದು ಕೊನಿಗೆ ಜೀವಕೋಶಕ್ಕ ತೂತು ಹಾಕ್ತಾವ. ಕಿಡ್ನಿ ತುಣುಕು ತಗದು ನೋಡೋ ಬಯಾಪ್ಸಿನಾಗ ಸಿ4ಡಿ (ಇವು ಎದ್ದು ಬಿಟ್ಟುಹೋದ ಗುರುತು) ಕಂಡ್ರ ಡಾಕ್ಟ್ರು ತಲಿ ಕೆಡಿಸ್ಕೊಳ್ಳೋದು ಅದಕ್ಕ. ಆದ್ರ ಸತ್ತ ಕೋಶನ ಗದ್ದಲ ಇಲ್ದಂಗ ಗುಡಿಸಾಕೂ ಇವೇ ಬೇಕು, ಅಂದ್ರ ಟಾಲರೆನ್ಸ್‌ನಾಗೂ (ಇಮ್ಯುನಿಟಿ ದಾಳಿ ಮಾಡ್ದ ಸುಮ್ನಿರೋದು) ಇವುಗಳ ಕೈ ಐತಿ. ಅದಕ್ಕ ‘ದಾಳಿ ಪಡೆ’ ಅಂತ ಬರಿಯಾಕೂ ಬರಂಗಿಲ್ಲ.

(ರಾಯಚೂರು)
ಪೂರಕ ಸಂಸ್ಕೃತ, ಬಿಡ್ರಿ. ಲ್ಯಾಟಿನ್ ಮೂಲದಾಗ ಅರ್ಥ ‘ತುಂಬು’. ‘ತುಂಬುಗ’ ಅಂತ ಬರೀರಿ. ಟಾಲರೆನ್ಸಿಗೆ ‘ತಾಳಿಕೆ’. ಮುಗೀತು.

(ಕೊಪ್ಪಳ)
ತುಂಬುಗ ಅಂದ್ರ ಡಯಾಲಿಸಿಸ್ ಮಷೀನಿಗೆ ನೀರು ತುಂಬೋನು ಅನ್ಕೋತಾರ. ಹೆಸರು ಯಾಕ ಬಂತು ನೋಡ್ರಿ ಮೊದ್ಲು. ಬೆಲ್ಜಿಯಂ ವಿಜ್ಞಾನಿ ಬೋರ್ಡೆ 1890ರ ದಶಕದಾಗ ಸೀರಂ (ರಕ್ತ ಹೆಪ್ಪುಗಟ್ಟಿದ ಮ್ಯಾಲೆ ಉಳಿಯೋ ತಿಳಿ) 55-56 ಡಿಗ್ರಿಗೆ ಕಾಸಿದ್ರ ಬ್ಯಾಕ್ಟೀರಿಯಾ ಕೊಲ್ಲೋ ಶಕ್ತಿ ಹೋಗ್ತೈತಿ, ಪ್ರತಿಕಾಯ ಮಾತ್ರ ಉಳೀತೈತಿ, ಕಾಸದ ಸೀರಂ ಒಂಚೂರು ಹಾಕಿದ್ರ ಮತ್ತ ಶಕ್ತಿ ಬರ್ತೈತಿ ಅಂತ ತೋರಿಸಿದ, 1919ರ ನೊಬೆಲ್ ಅವಂದು. ಪ್ರತಿಕಾಯದ ಕೆಲ್ಸ ಪೂರ್ತಿ ಮಾಡೋದು ಅಂತ ಜರ್ಮನಿ ವಿಜ್ಞಾನಿ ಎರ್ಲಿಖ್ ಈ ಹೆಸರಿಟ್ಟ. ಈಗ ನೋಡಿದ್ರ ಪ್ರತಿಕಾಯ ಇಲ್ದೇನೂ ಅದು ಶುರು ಆಗ್ತೈತಿ. ಇಂಗ್ಲಿಷ್ ಹೆಸರೇ ಹಳಸಿದ್ದು, ಅದನ್ನ ಕನ್ನಡ ಮಾಡಿ ಏನ್ ಸಾಧಿಸ್ತೀರಿ? ಕಾಂಪ್ಲಿಮೆಂಟ್ ಅಂತಲೇ ಇಡ್ರಿ.

(ರಾಯಚೂರು)
ಹಂಗಾದ್ರ ಕಸಿಗೂ ಟ್ರಾನ್ಸ್‌ಪ್ಲಾಂಟ್ ಅನ್ರಿ, ಕನ್ನಡ ಯಾಕ ಬೇಕು.

(ಕೊಪ್ಪಳ)
ಕಸಿ ಮಾವಿನ ತೋಟದಾಗ ಮೊದ್ಲಿಂದ ಐತಿ, ಹುಟ್ಟಿಸಿದ್ದಲ್ಲ. ನೀವು ದಿನಾ ದವಾಖಾನಿ ಅಂತೀರಲ್ಲ, ಅದ್ಯಾವ ಊರ ಅಚ್ಚಗನ್ನಡ? ಫಾರ್ಸಿಯಿಂದ ಬಂದದ್ದು.

(ರಾಯಚೂರು)
ಅದು ಜನರ ನಾಲಿಗಿ ಮ್ಯಾಲೆ ಕುಂತೈತಿ, ನಿಮ್ಮದು ಪೇಪರ್ ಮ್ಯಾಲೆ. ಸುಮ್ನ ವಾದ ಬೆಳಸಬ್ಯಾಡ್ರಿ.

(ಬಳ್ಳಾರಿ)
ದವಾಖಾನಿ ಜಗಳ ಆಮ್ಯಾಲೆ ಹಚ್ರಿ. ‘ಕಾಂಪ್ಲಿಮೆಂಟ್ ಪ್ರೋಟೀನು’ ಅಂತ ಬರ್ದು ಕೆಳಗ ‘ಇದು ಕುಡಿಯೋ ಪ್ರೋಟೀನ್ ಪುಡಿ ಅಲ್ಲ’ ಅಂತ ದಪ್ಪಕ್ಷರದಾಗ ಹಾಕ್ತೀನಿ. ತಾಳಿಕೆ ಅಡ್ಡಿ ಇಲ್ಲ. ರಿಜೆಕ್ಷನ್‌ಗೆ (ಹೊಸ ಕಿಡ್ನಿನ ದೇಹ ಒಪ್ಪದೇ ಇರೋದು) ಯಾರರ ಹೇಳ್ರಿ, ‘ತಿರಸ್ಕಾರ’ ಅಂದ್ರ ಹೆಣ್ಣು ನೋಡಿ ಬ್ಯಾಡಂದಂಗ ಕೇಳ್ತೈತಿ.