ನಂಬರ್ ಒನ್ ಗ್ಯಾರಂಟಿ ಪ್ಯಾಕೇಜು

ಗಣೇಶಣ್ಣ: (ಮನೆಯವರ ಗುಂಪಿಗೆ ಫಾರ್ವರ್ಡ್ ಮಾಡಿದ ಪೋಸ್ಟರ್) “ನಿಮ್ಮ ಹೋಮ್‌ಸ್ಟೇ ಗೂಗಲ್‌ನಲ್ಲಿ ನಂಬರ್ 1!! 90 ದಿನದಲ್ಲಿ ಗ್ಯಾರಂಟಿ! 500 ಬ್ಯಾಕ್‌ಲಿಂಕ್, 100 ಊರಿನ ಪೇಜ್, 200 ಮೆಟಾ ಕೀವರ್ಡ್, 50 ಫೈವ್ ಸ್ಟಾರ್ ರಿವ್ಯೂ. ಬರೀ ₹24,999. ಈ ವಾರ ಮಾತ್ರ.”

ಗಣೇಶಣ್ಣ: ಎಲ್ರೂ ನೋಡಿ ಹೇಳಿ. ನಾಳೆ ಅಡ್ವಾನ್ಸ್ ಹಾಕ್ಬಿಡಣ ಅಂತಿದೀನಿ. ಆಗುಂಬೆ ಹೋಮ್‌ಸ್ಟೇ ಅಂತ ಹೊಡುದ್ರೆ ನಮ್ದು ಮೂರ್ನೇ ಪೇಜಲ್ಲೂ ಇಲ್ಲ, ಮೊನ್ನೆ ಶುರು ಮಾಡ್ದೋರೆಲ್ಲ ಮೇಲ್ ಕೂತಿದಾರೆ

ಸುಧತ್ತೆ: ನನ್ ಫೋನಲ್ಲಿ ಮೊದ್ಲೇ ಬರುತ್ತಲ್ಲೋ

ಚೇತು: ಅತ್ತೆ ನೀವು ಮನೆ ಹೆಸ್ರೇ ಟೈಪ್ ಮಾಡ್ತೀರಿ, ಹೆಸ್ರು ಗೊತ್ತಿದ್ದೋರಿಗೆ ಬಂದೇ ಬರುತ್ತೆ. ಹೆಸ್ರೇ ಗೊತ್ತಿಲ್ದೋರು ಹುಡುಕ್ದಾಗ ಬರ್ಬೇಕಲ್ಲ, ಅದು ಕಷ್ಟ

ವಿದ್ಯಾ: ಗಣೇಶಣ್ಣ ದುಡ್ ಹಾಕ್ಬೇಡ ಪ್ಲೀಸ್. ನಂಬರ್ ಒನ್ ಗ್ಯಾರಂಟಿ ಯಾರೂ ಕೊಡಕ್ಕಾಗಲ್ಲ ಅಂತ ಗೂಗಲ್‌ನೋರೇ ಅವ್ರ ಪುಟದಲ್ಲಿ ಬರ್ದು ಹಾಕಿದಾರೆ. ಮೆಟಾ ಕೀವರ್ಡ್, ಅಂದ್ರೆ ಪುಟದ ಕೋಡ್ ಒಳಗೆ ಜನಕ್ಕೆ ಕಾಣ್ದ ಹಾಗೆ ಬರೆಯೋ ಪದಗಳು, ಅದನ್ನ ನೋಡಿ ರ‍್ಯಾಂಕ್ ಕೊಡಲ್ಲ ಅಂತ 2009ರಲ್ಲೇ ಹೇಳಾಗಿದೆ, ಇವ್ನು ಇನ್ನೂ ಅದನ್ನ ಮಾರ್ತಿದಾನೆ ಅಂದ್ರೆ ಯೋಚ್ನೆ ಮಾಡು

ಗಣೇಶಣ್ಣ: ನಿಂಗೆ ತಿಂಗ್ಳಾದ್ರೆ ಸಂಬ್ಳ ಬರುತ್ತೆ ಮಾರಾಯ್ತಿ. ನಂಗೆ ಬುಕಿಂಗ್ ಆ್ಯಪ್‌ನೋರು ನೂರಕ್ಕೆ ಹದಿನೆಂಟು ಹಿಡ್ಕೊಳ್ತಾರೆ, ಅದ್ರಲ್ಲಿ ಅಡುಗೆಯವ್ರ ಸಂಬ್ಳ ಗ್ಯಾಸು ಕರೆಂಟು ಎಲ್ಲ ಕಳದ್ರೆ ಉಳಿಯೋದು ಎಷ್ಟು ಹೇಳು, ಅದಕ್ಕೇ ಜನ ಸೀದಾ ನಮ್ ಸೈಟಿಗೇ ಬರ್ಲಿ ಅಂತ ಒದ್ದಾಡ್ತಿರೋದು. ಬೇಡ ಅನ್ನೋರು ಬೇರೆ ದಾರಿ ಹೇಳ್ಬೇಕು

ದೊಡ್ಡಪ್ಪ: ಈ ಬ್ಯಾಕ್‌ಲಿಂಕ್ ಅಂದರೆ ಏನು, 500 ಯಾಕೆ ಬೇಕು, ಅದಕ್ಕೆ ರಸೀದಿ ಕೊಡುತ್ತಾನಾ, ಯಾರಾದರೂ ನಿಧಾನವಾಗಿ ಹೇಳಿ, ನಾನು ಊಟ ಮುಗಿಸಿ ಓದುತ್ತೇನೆ

ವಿದ್ಯಾ: ದೊಡ್ಡಪ್ಪ, ಬೇರೆಯವ್ರ ಸೈಟಿಂದ ನಮ್ ಸೈಟಿಗೆ ಇರೋ ಕೊಂಡಿ. ಗೂಗಲ್ ಶುರು ಮಾಡಿದ ಇಬ್ರು 1998ರಲ್ಲಿ ಕಾಲೇಜಲ್ಲಿದ್ದಾಗ ಬರ್ದ ಲೆಕ್ಕ ಇದು, ಯಾವ ಪುಟಕ್ಕೆ ಒಳ್ಳೊಳ್ಳೆ ಪುಟಗಳಿಂದ ಕೊಂಡಿ ಇದ್ಯೋ ಅದಕ್ಕೆ ತೂಕ ಜಾಸ್ತಿ ಅಂತ. ಹುಡುಗನ್ನ ನೋಡಕ್ ಮುಂಚೆ ಅವ್ನ ಊರಲ್ಲಿ ನಾಲ್ಕ್ ಜನನ್ನ ವಿಚಾರಿಸ್ತೀರಲ್ಲ ಹಾಗೆ. ಅಲ್ಲಿ ಬಾಡಿಗೆಗೆ ಬಂದ 500 ಜನ ನಿಂತು ಹುಡುಗ ಚಿನ್ನ ಚಿನ್ನ ಅಂತ ಕೂಗಿದ್ರೆ ನಿಮ್ಗೇ ಅನುಮಾನ ಬರಲ್ವಾ? 2012ರಲ್ಲಿ ಪೆಂಗ್ವಿನ್ ಅನ್ನೋ ಅಪ್‌ಡೇಟ್ ತಂದಿದ್ದೇ ಇಂಥ ಕೊಂಡಿಗಳ ಆಟ ನಿಲ್ಸಕ್ಕೆ

ಗಣೇಶಣ್ಣ: ಎಲ್ಲ ಮಾಡ್ತಾರೆ. ಸಣ್ಣ ಮೀನು ನಾವು, ನಮ್ಮನ್ನ ಯಾರ್ ನೋಡ್ತಾರೆ

ವಿದ್ಯಾ: ದೊಡ್ಡೋರನ್ನೇ ಬಿಟ್ಟಿಲ್ಲ. ಜೆಸಿ ಪೆನ್ನಿ ಅಂತ ಅಮೆರಿಕದ ದೊಡ್ಡ ಅಂಗಡಿ, ಸಾವಿರಾರು ಕಾಸಿನ ಕೊಂಡಿಗಳ ಬಲದಲ್ಲಿ ಮೇಲೆ ಕೂತಿದ್ದನ್ನ 2011ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ತೆ ಹಚ್ತು, ಗೂಗಲ್ ಇಳಿಸ್ತು. ಇನ್ನು ಆ “100 ಊರಿನ ಪೇಜ್” ಇದ್ಯಲ್ಲ, ಬೆಂಗ್ಳೂರಿಂದ ಆಗುಂಬೆ ಹೋಮ್‌ಸ್ಟೇ, ಮೈಸೂರಿಂದ ಆಗುಂಬೆ ಹೋಮ್‌ಸ್ಟೇ, ಹುಬ್ಳಿಯಿಂದ ಅಂತ ಊರ್ ಹೆಸ್ರು ಮಾತ್ರ ಬದ್ಲಾಯ್ಸಿ ನೂರ್ ಪುಟ ಮಾಡೋದು, ಅದಕ್ಕೆ ಡೋರ್‌ವೇ ಪೇಜ್ ಅಂತಾರೆ. ಅಂಥದ್ದೇ ಪುಟ ಮಾಡ್ಕೊಂಡಿದ್ದಕ್ಕೆ 2006ರಲ್ಲಿ ಬಿಎಂಡಬ್ಲ್ಯೂ ಕಾರಿನೋರ ಜರ್ಮನ್ ಸೈಟನ್ನೇ ಹುಡುಕಾಟದಿಂದ ತೆಗ್ದು ಹಾಕಿದ್ರು

ಚೇತು: ಸರಿ ಮಾಡ್ಕೊಂಡ್ ಮೇಲೆ ಬೇಗ್ನೇ ವಾಪಸ್ ಸೇರಿಸ್ಕೊಂಡ್ರಲ್ಲ

ಗಣೇಶಣ್ಣ: ಹಾಂ ನೋಡು!!

ವಿದ್ಯಾ: ಬಿಎಂಡಬ್ಲ್ಯೂ ಗೂಗಲಲ್ಲಿ ಕಾಣ್ದೇ ಹೋದ್ರೂ ಜನ ಶೋರೂಮಿಗೆ ಹೋಗ್ತಾರೆ. ನಿನ್ ಸೈಟ್ ಡಿಸೆಂಬರಲ್ಲಿ ಮಾಯ ಆದ್ರೆ ಯಾರ್ ಹತ್ರ ಹೋಗಿ ಕೇಳ್ತೀಯ? ಆ ಪೋಸ್ಟರಿನೋನು ಅಷ್ಟೊತ್ತಿಗೆ ನಂಬರ್ ಬದ್ಲಾಯ್ಸಿರ್ತಾನೆ

ಸುಧತ್ತೆ: ರಿವ್ಯೂ ಮಾತ್ರ ನಾವೇ ಬರೆಯೋಣ ಕಣ್ರೋ, ಗುಂಪಲ್ಲೇ ಮೂವತ್ತು ಜನ ಇದೀವಿ, ದುಡ್ ಯಾಕ್ ಕೊಡ್ಬೇಕು. ನಾನಂತೂ ಅವತ್ತೇ ಐದು ಸ್ಟಾರ್ ಕೊಟ್ಟಾಯ್ತು, ನೀರ್‌ದೋಸೆ ಬಗ್ಗೆ ಬರ್ದಿದೀನಿ

ವಿದ್ಯಾ: ಅತ್ತೆ, ಮನೆಯವ್ರು ಬರೆಯೋದೂ ಗೂಗಲ್‌ನೋರ ನಿಯಮಕ್ಕೆ ವಿರುದ್ಧ. ರಿಯಾಯ್ತಿ ಕೊಟ್ಟು ಬರೆಸೋದೂ ಅಷ್ಟೇ

ಸುಧತ್ತೆ: ನಾನೇನ್ ಸುಳ್ ಬರ್ದಿದೀನಾ? ದೋಸೆ ಚೆನ್ನಾಗೇ ಇತ್ತು. ಅಳಿಸಲ್ಲ

ಪ್ರಕಾಶ ಮಾವ: ಇಷ್ಟೆಲ್ಲಾ ಯಾಕೆ. ಕನ್ನಡದಲ್ಲಿ ಅಷ್ಟುದ್ದ ಪುಟ ನಾನೇ ಟೈಪ್ ಮಾಡಿ ಕೊಟ್ಟಿದೀನಿ, ಕುಂದಾದ್ರಿ, ಜೋಗಿಗುಂಡಿ, ಒನಕೆ ಅಬ್ಬಿ, ಸೂರ್ಯಾಸ್ತದ ಜಾಗ ಎಲ್ಲ ಇದೆ. ಕನ್ನಡದಲ್ಲಿ ಹುಡುಕಿದೋರಿಗಾದ್ರೂ ನಮ್ದೇ ಮೊದ್ಲು ಬರ್ಬೇಕಿತ್ತು

ವಿದ್ಯಾ: ಅದನ್ನೇ ಹೇಳ್ಬೇಕು ಅಂತಿದ್ದೆ ಮಾವ. ಅದು ‘ನುಡಿ’ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟಲ್ಲಿದೆ, ಎಲ್ಲ ಕಂಪ್ಯೂಟರಿಗೂ ಅರ್ಥ ಆಗೋ ಯೂನಿಕೋಡ್ ಅಲ್ಲ. ನಿಮ್ ಕಂಪ್ಯೂಟರಲ್ಲಿ ಆ ಫಾಂಟ್ ಇದೆ, ಕನ್ನಡ ಕಾಣುತ್ತೆ. ಗೂಗಲಿಗೆ ಅಕ್ಷರದ ಆಕಾರ ಕಾಣಲ್ಲ, ಹಿಂದಿರೋ ಕೋಡ್ ಮಾತ್ರ ಕಾಣೋದು, ಅದು ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆ ಎಲ್ಲ ಸೇರಿದ ಗಜಿಬಿಜಿ. ಬೇಕಾದ್ರೆ ಆ ಪುಟದಿಂದ ಒಂದ್ ಸಾಲು ಕಾಪಿ ಮಾಡಿ ಇಲ್ಲಿ ಪೇಸ್ಟ್ ಮಾಡಿ ನೋಡಿ

ಪ್ರಕಾಶ ಮಾವ: ನಾನು ಕೊಟ್ಟಿದ್ದು ಪಾಂಪ್ಲೆಟ್ ಪ್ರಿಂಟಿಗೆ. ಪ್ರೆಸ್ಸಲ್ಲಿ ಇವತ್ತಿಗೂ ಅದೇ ನಡೆಯೋದು. ಅವನು ಅದನ್ನೇ ಎತ್ತಿ ವೆಬ್‌ಸೈಟಿಗೆ ಹಾಕಿದ್ರೆ ನನ್ನನ್ ಕೇಳ್ತೀಯಾ

ವಿದ್ಯಾ: ನಿಮ್ಮನ್ ಅಂತಿಲ್ಲ ಮಾವ, ಸೈಟ್ ಮಾಡ್ದೋನು ನೋಡ್ಬೇಕಿತ್ತು. ಕನ್ವರ್ಟರ್ ಇದೆ, ಹಾಕಿ ಯೂನಿಕೋಡಿಗೆ ತಿರುಗಿಸಿ ಒತ್ತಕ್ಷರ, ಅರ್ಕಾವತ್ತು ಒಂದ್ಸಲ ಕಣ್ಣಾಡಿಸಿದ್ರೆ ಆಯ್ತು, ಅದು ನಿಮ್ಮಷ್ಟು ಚೆನ್ನಾಗಿ ಯಾರಿಗೂ ಬರಲ್ಲ. ರೂಮಿನ ರೇಟು ಕೂಡ ಒಂದು ಫೋಟೋ ಒಳಗೆ ಬರ್ದಿದೆ, ಅದೂ ಅಕ್ಷರದಲ್ಲಿ ಬರ್ಬೇಕು. ಫೋಟೋಗಳು ಕ್ಯಾಮೆರಾದಿಂದ ತೆಗ್ದ ಹಾಗೇ ಏರ್ಸಿದಾರೆ, ಒಂದೊಂದು ಎಂಟೆಂಟು ಎಂಬಿ, ನಿಮ್ಮೂರಿನ ನೆಟ್‌ವರ್ಕಲ್ಲಿ ಅದು ತೆರೆಯೋಷ್ಟರಲ್ಲಿ ಜನ ಪಕ್ಕದೋರಿಗೆ ಫೋನ್ ಮಾಡಿರ್ತಾರೆ. ಪುಟದ ಮುಖ್ಯ ಭಾಗ ಎರಡೂವರೆ ಸೆಕೆಂಡ್ ಒಳಗೆ ಕಾಣ್ಬೇಕು ಅನ್ನೋದು ಗೂಗಲ್ ಇಟ್ಟಿರೋ ಅಳತೆ

ಚೇತು: ಇದೆಲ್ಲ ಮಾಡಿದ್ರೂ ಈಗ ಯಾರು ಸೈಟ್ ಓಪನ್ ಮಾಡ್ತಾರೆ. 2024 ಆಗಸ್ಟಿಂದ ನಮ್ಮಲ್ಲೂ ಎಐ ಉತ್ರ ಮೇಲ್ಗಡೆ ಬರ್ತಿದೆ, ಅದ್ರ ಕೆಳಗೆ ಜಾಹೀರಾತು, ಅದ್ರ ಕೆಳಗೆ ಮ್ಯಾಪು, ಅದ್ರ ಕೆಳಗೆ ಬುಕಿಂಗ್ ಆ್ಯಪ್‌ಗಳು. ನಂಬರ್ ಒನ್ ಬಂದ್ರೂ ಎರಡು ಸಲ ಸ್ಕ್ರೋಲ್ ಮಾಡ್ಬೇಕು. ನಂಗನ್ಸೋದು ಗಣೇಶಣ್ಣ ಈ ದುಡ್ಡನ್ನ ರೀಲ್ಸ್ ಮಾಡ್ಸಕ್ಕೆ ಹಾಕ್ಲಿ

ವಿದ್ಯಾ: ಅರ್ಧ ಒಪ್ತೀನಿ. ಆದ್ರೆ ಎಐ ಉತ್ರನೂ ಯಾರೋ ಬರ್ದ ಪುಟದಿಂದ್ಲೇ ಎತ್ಕೊಳ್ಳೋದು. ಗಣೇಶಣ್ಣಂಗೆ ದಿನಾ ಫೋನಲ್ಲಿ ಜನ ಏನ್ ಕೇಳ್ತಾರೆ? ಮಳೇಲಿ ಜಿಗಣೆ ಇರುತ್ತಾ, ಘಾಟಿಲಿ ದೊಡ್ ಗಾಡಿ ಬಿಡ್ತಿದಾರಾ, ಕಾರು ಅಂಗಳದವರೆಗೂ ಬರುತ್ತಾ, ಯಾವ ಸಿಮ್ ಸಿಗುತ್ತೆ, ವಯಸ್ಸಾದೋರು ಕುಂದಾದ್ರಿ ಹತ್ತಬೋದಾ. ಇದಕ್ಕೆಲ್ಲ ನಿಜವಾದ ಉತ್ರ ಅಲ್ಲೇ ಇರೋರಿಗೆ ಮಾತ್ರ ಗೊತ್ತಿರೋದು, ಬುಕಿಂಗ್ ಆ್ಯಪಲ್ಲಿ ಇರಲ್ಲ. ನಿನ್ ಸೈಟಲ್ಲಿ ಏನಿದೆ? “ಪ್ರಕೃತಿಯ ಮಡಿಲಲ್ಲಿ ಮರೆಯಲಾಗದ ಅನುಭವ” ಅಷ್ಟೇ, ಅದು ಎಲ್ಲರ ಸೈಟಲ್ಲೂ ಇದೆ

ಗಣೇಶಣ್ಣ: ಜಿಗಣೆ ಇದೆ ಅಂತ ಬರೆದ್ರೆ ಯಾರಾದ್ರೂ ಬರ್ತಾರೇನೇ

ಸುಧತ್ತೆ: ಬರೆಯದಿದ್ರೆ ಬಂದ್ಮೇಲೆ ಬಯ್ತಾರೆ ಕಣೋ, ಕಳೆದ ವರ್ಷ ಆ ಬೆಂಗ್ಳೂರಿನ ಹೆಂಗ್ಸು ಬಿಸ್ಲುಬಾಗ್ಲಲ್ಲೇ ಅಳ್ತಾ ಕೂತಿರ್ಲಿಲ್ವಾ

ದೊಡ್ಡಪ್ಪ: ಊಟ ಆಯಿತು, ಓದಿದೆ. ಮ್ಯಾಪಿನ ವಿಷಯ ಯಾರೂ ಸರಿಯಾಗಿ ಹೇಳಲಿಲ್ಲ, ನಮ್ಮ ಮನೆಗೆ ಬರಬೇಕಾದ ಒಂದು ಕಾರು ಹೋದ ತಿಂಗಳು ತೀರ್ಥಹಳ್ಳಿಯಲ್ಲೇ ಯಾವುದೋ ಕಂಪ್ಯೂಟರ್ ಅಂಗಡಿ ಎದುರು ನಿಂತು ಫೋನು ಮಾಡಿತ್ತು

ವಿದ್ಯಾ: ಅಯ್ಯೋ ದೊಡ್ಡಪ್ಪ ಇದನ್ ಮೊದ್ಲೇ ಹೇಳ್ಬಾರ್ದಾ. ಪಿನ್ ಇನ್ನೂ ಸೈಟ್ ಮಾಡ್ದೋನ ಅಂಗಡೀಲೇ ಇದೆ! ಮ್ಯಾಪಲ್ಲಿ ಗೂಗಲ್‌ನೋರು ನೋಡೋದು ಮೂರು, ಹುಡುಕಿದ್ದಕ್ಕೆ ಹೊಂದುತ್ತಾ, ಎಷ್ಟು ದೂರ, ಎಷ್ಟು ಹೆಸ್ರುವಾಸಿ ಅಂತ. ಆಗುಂಬೆ ಅಂತ ಹುಡುಕ್ದೋರಿಗೆ ಮೂವತ್ ಕಿಲೋಮೀಟ್ರು ಆಚೆ ಇರೋ ಮನೆ ಯಾಕ್ ತೋರಿಸ್ಬೇಕು? ಇದನ್ ಸರಿ ಮಾಡಕ್ಕೆ ಒಂದ್ ರೂಪಾಯಿ ಬೇಡ

ಗಣೇಶಣ್ಣ: ಹಂಗಾದ್ರೆ ಈಗ್ಲೇ ಮಾಡ್ಬಿಡು, ಪಾಸ್‌ವರ್ಡ್ ಏನ್ ಬೇಕು

ವಿದ್ಯಾ: ಗೂಗಲ್ ಬಿಸಿನೆಸ್ ಪ್ರೊಫೈಲ್‌ದು, ಮ್ಯಾಪಲ್ಲಿ ನಮ್ ಮನೆ ತೋರ್ಸೋ ಖಾತೆ. ಯಾವ ಜಿಮೇಲಲ್ಲಿ ಮಾಡಿದೀರ?

ಗಣೇಶಣ್ಣ: ನಂದಲ್ಲ… ಅವ್ನೇ ಏನೋ ಮಾಡ್ಕೊಟ್ಟಿದ್ದ

ವಿದ್ಯಾ: ಸೈಟಿನ ಡೊಮೇನ್, ಅಂದ್ರೆ ಅದ್ರ ವಿಳಾಸ, ಯಾರ ಹೆಸ್ರಲ್ಲಿದೆ?

ಚೇತು: ನೋಡ್ದೆ, ಯಾರ ಹೆಸ್ರು ಅಂತ ಮುಚ್ಚಿಟ್ಟಿದಾರೆ. ಮುಂದಿನ ತಿಂಗ್ಳು ಅವಧಿ ಮುಗಿಯುತ್ತೆ

ದೊಡ್ಡಪ್ಪ: ಪ್ಯಾಕೇಜಿನ ಮಾತು ಇವತ್ತಿಗೆ ನಿಲ್ಲಿಸಿ. ಗಣೇಶ, ಬೆಳಿಗ್ಗೆ ಮೊದಲ ಬಸ್ಸಿಗೆ ಇಬ್ಬರೂ ತೀರ್ಥಹಳ್ಳಿಗೆ ಹೋಗೋಣ, ಅವನಿಗೆ ದುಡ್ಡು ಕೊಟ್ಟ ಹಳೇ ರಸೀದಿ ಹುಡುಕಿಡು

ಸುಧತ್ತೆ: ಹೋಗ್ತಾ ನಮ್ಮನೆಗೂ ಬನ್ನಿ, ಹಲಸಿನ ಹಪ್ಪಳ ಇಟ್ಟಿದೀನಿ