ಪದ್ಮಿನಿ ಕಾರಿನ ಕೆಳಗೆ ತಗಡಿನ ಗಾರ್ಡ್: ವೆಲ್ಡ್ ಮಾಡಿಸಲೋ, ಬೋಲ್ಟ್ ಹಾಕಿಸಲೋ?

ತೋಟದ ಫಿಯೆಟ್:
ಅಪ್ಪ ಓಡಿಸುತ್ತಿದ್ದ 1984ರ ಪ್ರೀಮಿಯರ್ ಪದ್ಮಿನಿ ಈಗ ನನ್ನ ಹತ್ತಿರ ಇದೆ. ಸಕಲೇಶಪುರದ ಕಡೆ ನಮ್ಮ ತೋಟ. ಕೊನೆಯ ಎರಡು ಕಿಲೋಮೀಟರ್ ಮಣ್ಣು ರಸ್ತೆ, ಜೀಪುಗಳು ಓಡಾಡಿ ಎರಡೂ ಕಡೆ ಗುಂಡಿ ಬಿದ್ದು ನಡುವೆ ದಿಣ್ಣೆ ಎದ್ದಿದೆ. ಹೋದ ತಿಂಗಳು ಇಂಜಿನ್ ಅಡಿಯ ಆಯಿಲ್ ಚೇಂಬರಿಗೆ ಕಲ್ಲು ಬಡಿದು ಡ್ರೈನ್ ಬೋಲ್ಟಿನ ಪಕ್ಕ ಆಯಿಲ್ ಜಿನುಗುತ್ತಿದೆ. ವೆಲ್ಡಿಂಗ್ ಶಾಪಿನವರು ಗಾರ್ಡ್ ಆಗಿ 5 ಎಂಎಂ ಕಬ್ಬಿಣದ ಪ್ಲೇಟು ಹಾಕಿ ಕೆಳಗೇ ವೆಲ್ಡ್ ಮಾಡಿಬಿಡೋಣ, ಮೊಮ್ಮಕ್ಕಳ ಕಾಲಕ್ಕೂ ಬರುತ್ತದೆ ಅಂದರು. ನನಗೆ ಯಾಕೋ ಅಳುಕು. ಯಾರಾದರೂ ಮಾಡಿಸಿದ್ದೀರಾ?

ಹಳೇ ಟಿಂಕರ್:
ವೆಲ್ಡ್ ಮಾತ್ರ ಬೇಡ ಸರ್. ಪದ್ಮಿನಿಗೆ ಬೇರೆ ಚಾಸಿಸ್ ಇಲ್ಲ, ಬಾಡಿಯೇ ಚಾಸಿಸ್. ಅಷ್ಟು ಹಳೆಯ ತಗಡಿಗೆ ವೆಲ್ಡಿಂಗ್ ಬಿಸಿ ತಾಗಿದರೆ ತೂತು ಬೀಳುತ್ತದೆ, ಇಲ್ಲಾ ಮುಂದಿನ ಮಳೆಗಾಲಕ್ಕೆ ಅಲ್ಲಿಂದಲೇ ತುಕ್ಕು ಶುರು. ಆಮೇಲೆ ಕ್ಲಚ್ ಕೆಲಸ ಬಂದರೆ ಗ್ರೈಂಡರ್ ಹಿಡಿದು ಕೊಯ್ಯುತ್ತೀರಾ? ಬೋಲ್ಟ್ ಹಾಕಿಸಿ. ಮುಂದಿನ ಕ್ರಾಸ್‌ಮೆಂಬರ್‌ಗೆ (ಕೆಳಗಿನ ಅಡ್ಡ ತೊಲೆಗೆ) ಎರಡು ಕ್ಲಾಂಪ್, ಹಿಂದೆ ಎರಡು, ನಡುವೆ ರಬ್ಬರ್ ಬುಷ್. ಇಂಜಿನ್‌ಗೆ ಮಾತ್ರ ಕಟ್ಟಬೇಡಿ, ಅದು ಮೌಂಟಿಂಗ್ ಮೇಲೆ ಅಲ್ಲಾಡುತ್ತಾ ಇರುತ್ತದೆ. ಚೇಂಬರಿಗೂ ಪ್ಲೇಟಿಗೂ ಒಂದು ಇಂಚು ಜಾಗ ಬಿಡಿ.

5 ಎಂಎಂ ಸುಮ್ನೆ ಭಾರ. 60 ಸೆಂ.ಮೀ. ಅಗಲ, 70 ಉದ್ದ ಅಂದುಕೊಂಡರೂ ಹದಿನಾರೂವರೆ ಕೆಜಿ ಆಗುತ್ತದೆ, ಅದೂ ಗಾಡಿಯ ಮೂತಿಗೆ. 3 ಎಂಎಂ ಆದರೆ ಹತ್ತು ಕೆಜಿ. ಅಂಚನ್ನು ಒಂದು ಇಂಚು ಮೇಲಕ್ಕೆ ಮಡಿಸಿ, ನಡುವೆ ಎರಡು ಏಣು ಹೊಡೆಸಿ. ಗಟ್ಟಿತನ ಬರುವುದು ಮಡಿಕೆಯಿಂದ, ದಪ್ಪದಿಂದ ಅಷ್ಟೇ ಅಲ್ಲ. ಮನೆಯ ಮಾಡಿಗೆ ಹಾಕುವ ಸುಕ್ಕು ತಗಡು ನೋಡಿದ್ದೀರಲ್ಲ, ಅದೇ ಲೆಕ್ಕ.

ಪೀಣ್ಯ ಹುಡುಗ:
ಅಲ್ಯೂಮಿನಿಯಂ ಯಾಕೆ ಬೇಡ? 5 ಎಂಎಂ ಹಾಕಿದರೂ ಅದೇ ಅಳತೆಗೆ ಆರು ಕೆಜಿ ದಾಟುವುದಿಲ್ಲ. ಆದರೆ 5052 ಗ್ರೇಡ್ ಅಂತ ಕೇಳಿ ತಗೊಳ್ಳಿ, ಅದು ಮಡಿಕೆಗೆ ಬಗ್ಗುತ್ತದೆ. ನಾನು ಜಾಣತನ ಮಾಡಿ ಇನ್ನೂ ಗಟ್ಟಿಯಾದ 6061-ಟಿ6 ಗ್ರೇಡ್ ತಂದು ಬೆಂಡಿಂಗಿಗೆ ಕೊಟ್ಟೆ, ಮಡಿಸಿದ ಗೆರೆಯಲ್ಲೇ ಬಿರುಕು ಬಿಟ್ಟಿತು, ಶೀಟಿನ ದುಡ್ಡು ನೀರಲ್ಲಿ ಹೋಯಿತು. ಕಬ್ಬಿಣ ತಾಗುವ ಕಡೆ ನೈಲಾನ್ ವಾಷರ್ ಹಾಕಿ, ನಿಮ್ಮ ಮಲೆನಾಡಿನ ಮಳೆಗೆ ಎರಡು ಲೋಹ ಸೇರಿದ ಜಾಗ ಬೇಗ ತಿಂದುಹೋಗುತ್ತದೆ.

ಹಳೇ ಟಿಂಕರ್:
ಊರೊಳಗಿನ ರಸ್ತೆ ಉಬ್ಬಿಗೆ ಸರಿ ತಮ್ಮಾ. ಇವರದು ಕಲ್ಲಿನ ದಾರಿ. ಅಲ್ಯೂಮಿನಿಯಂ ಮೆದು, ಕಲ್ಲಿಗೆ ಕಚ್ಚಿಕೊಳ್ಳುತ್ತದೆ. ಕಬ್ಬಿಣ ಜಾರುತ್ತದೆ.

ಘಾಟಿ ಸವಾರ:
ಎಲ್ಲರೂ ಕಲ್ಲಿನ ಬಗ್ಗೆಯೇ ಹೇಳುತ್ತಿದ್ದೀರಿ, ಬಿಸಿಯ ಬಗ್ಗೆ ಯಾರೂ ಹೇಳಲಿಲ್ಲ. ರೇಡಿಯೇಟರ್ ಮೂಲಕ ಬಂದ ಗಾಳಿ ಜಾಸ್ತಿ ಹೊರಗೆ ಹೋಗುವುದು ಇಂಜಿನ್ ಕೆಳಗಿಂದಲೇ. ನಾನು ಬಂಪರಿನಿಂದ ಗೇರ್‌ಬಾಕ್ಸ್ ತನಕ ಪೂರ್ತಿ ಮುಚ್ಚಿಸಿ ಬೀಗುತ್ತಿದ್ದೆ, ಶಿರಾಡಿ ಘಾಟಿ ಹತ್ತುವಾಗ ಲಾರಿ ಹಿಂದೆ ಸಿಕ್ಕಿಕೊಂಡು ಅರ್ಧ ದಾರಿಯಲ್ಲೇ ಬಾನೆಟ್ ಎತ್ತಿ ಕೂರಬೇಕಾಯಿತು. ಆಮೇಲೆ ಹಿಂದಿನ ಕಾಲು ಭಾಗ ಕತ್ತರಿಸಿ ಹಾಕಿದೆ, ಉಳಿದದ್ದರಲ್ಲಿ ಹಿಂದಕ್ಕೆ ಬಾಯಿ ತೆರೆದ ಸೀಳು ಹೊಡೆಸಿದೆ. ಮುಂದಕ್ಕೆ ತೆರೆದರೆ ಕೆಸರು ಮೊಗೆದುಕೊಳ್ಳುತ್ತದೆ. ಡ್ರೈನ್ ಬೋಲ್ಟಿನ ನೇರಕ್ಕೆ ಸಾಕೆಟ್ ಹೋಗುವಷ್ಟು ತೂತು ಇರಲಿ.

ಇನ್ನೊಂದು, ಆ ಸೋರಿಕೆ ಮೊದಲು ನಿಲ್ಲಿಸಿ. ಗಾರ್ಡ್ ಮೇಲೆ ಆಯಿಲ್ ನಿಂತು, ಅದಕ್ಕೆ ತೋಟದ ಒಣ ಎಲೆ ಅಂಟಿ, ಪಕ್ಕದಲ್ಲೇ ಸೈಲೆನ್ಸರ್ ಪೈಪ್ ಕಾದಿದ್ದರೆ ಏನಾಗುತ್ತದೆ ಅಂತ ಹೇಳಬೇಕಾ?

ಸುಮ್ನೆ ಓದುಗ:
ಮುಂದಿನ ಕಾಯಿಲ್ ಸ್ಪ್ರಿಂಗ್ ನೋಡಿಸಿದ್ದೀರಾ? ಇಷ್ಟು ವರ್ಷಕ್ಕೆ ಕುಸಿದಿರುತ್ತದೆ. ಅದನ್ನು ಬದಲಿಸಿದರೆ ಗಾಡಿ ಮೇಲೆದ್ದು ಅರ್ಧ ಕಲ್ಲು ತಾನಾಗೇ ತಪ್ಪುತ್ತದೆ, ಅಲ್ವಾ?

ತೋಟದ ಫಿಯೆಟ್:
ಇವತ್ತು ಬೆಳಿಗ್ಗೆ ಟೇಪ್ ಹಿಡಿದು ನೋಡಿದೆ, ಎಡಗಡೆ ಬಲಕ್ಕಿಂತ ಎರಡು ಸೆಂ.ಮೀ. ಕೆಳಗೆ ಕೂತಿದೆ! ಮೊದಲು ಚೇಂಬರ್, ಆಮೇಲೆ ಸ್ಪ್ರಿಂಗ್, ಅದಾದ ಮೇಲೆ 3 ಎಂಎಂ ಕಬ್ಬಿಣ, ಬೋಲ್ಟ್ ಹಾಕಿಯೇ. ಫ್ರಿಜ್ ಬಂದಿದ್ದ ರಟ್ಟಿನ ಡಬ್ಬ ಕೊಯ್ದು ಅಳತೆ ಮಾಡುತ್ತಿದ್ದೇನೆ. ಹೊಸ ಸ್ಪ್ರಿಂಗ್ ಎಲ್ಲಿ ಸಿಗುತ್ತದೆ ಅಂತ ಗೊತ್ತಿದ್ದರೆ ಹೇಳಿ.