ಪದ ಬೇಕಿದೆ: ಸ್ಕ್ರೀನ್ ರೆಕಾರ್ಡಿಂಗ್‌ಗೆ ‘ತೆರೆಮುದ್ರಣ’ ಆದೀತೇ?

ಕೋರಮಂಗಲದಿಂದ:

ಎಲ್ಲರಿಗೂ ನಮಸ್ಕಾರ. ಶನಿವಾರ ಇಲ್ಲಿ ತಂತ್ರಾಂಶ ಬರೆಯುವವರಿಗೆ ಕನ್ನಡದಲ್ಲೇ ಒಂದು ತರಬೇತಿ ಇದೆ. ಪರದೆಯ ಮೇಲೆ ಕೋಡ್ ತೋರಿಸುತ್ತ, ಮೂಲೆಯ ಸಣ್ಣ ಚೌಕದಲ್ಲಿ ವೆಬ್‌ಕ್ಯಾಮ್‌ನಿಂದ ಮುಖ ಕಾಣಿಸುತ್ತ ವಿಡಿಯೊ ಮಾಡುವುದನ್ನು ಕಲಿಸುತ್ತೇವೆ. ಬ್ಯಾನರ್ ಇಂದು ಸಂಜೆ ಅಚ್ಚಿಗೆ ಹೋಗಬೇಕು. ‘ತೆರೆಮುದ್ರಣ ಮತ್ತು ಜಾಲಗಣ್ಣು’ ಎಂದು ಬರೆದಿದ್ದೇನೆ. ಧ್ವನಿಮುದ್ರಣ ಸಲ್ಲುವುದಾದರೆ ಇದೂ ಸಲ್ಲಬೇಕಲ್ಲವೇ?

ಚಾಮರಾಜಪೇಟೆಯಿಂದ:

ಸಲ್ಲದು. ಸುಲ್ತಾನಪೇಟೆಯ ಲಗ್ನಪತ್ರಿಕೆ ಅಂಗಡಿಗಳ ಕಡೆ ಒಮ್ಮೆ ಹೋಗಿ ಬನ್ನಿ. ಚೌಕಟ್ಟಿಗೆ ಬಿಗಿದ ಬಟ್ಟೆಯ ಮೇಲೆ ಶಾಯಿ ಹಾಕಿ ರಬ್ಬರ್ ಪಟ್ಟಿಯಿಂದ ಎಳೆಯುವ ಸ್ಕ್ರೀನ್ ಪ್ರಿಂಟಿಂಗ್ ಇದೆಯಲ್ಲ, ತೆರೆಮುದ್ರಣ ಎಂದರೆ ಅದು. ನಿಮ್ಮ ಬ್ಯಾನರ್ ನೋಡಿ ಮದುವೆ ಗೊತ್ತಾದವರು ಬಂದಾರು. ಧ್ವನಿಯನ್ನು ಯಾರೂ ಕಾಗದಕ್ಕೆ ಒತ್ತುವುದಿಲ್ಲವಾದ್ದರಿಂದ ಧ್ವನಿಮುದ್ರಣದಲ್ಲಿ ಈ ಗೊಂದಲ ಹುಟ್ಟಲಿಲ್ಲ. ‘ಚಿತ್ರೀಕರಣ’ವೂ ಬೇಡ. ಒಬಿಎಸ್ ಸ್ಟುಡಿಯೊದಂಥ ತಂತ್ರಾಂಶ ಪರದೆಯ ಚಿತ್ರವನ್ನು ಗಣಕದ ಒಳಗಿನಿಂದಲೇ ಪಡೆಯುತ್ತದೆ, ಅಲ್ಲಿ ಕ್ಯಾಮೆರಾದ ಮಾತೇ ಇಲ್ಲ. ‘ಪರದೆ ದಾಖಲೀಕರಣ’ ಎಂದು ಹಾಕಿ ಮುಗಿಸಿ.

ಮಲ್ಲೇಶ್ವರದಿಂದ:

ಪರದೆ ಪಾರಸಿ, ದಾಖಲೆ ಅರಬ್ಬಿ ಮೂಲದ್ದು, ಬಾಲಕ್ಕೆ ಸಂಸ್ಕೃತದ ಕರಣ. ಕನ್ನಡಕ್ಕೆ ಉಳಿದದ್ದು ಎರಡು ಪದಗಳ ನಡುವಿನ ಖಾಲಿ ಜಾಗವೇ? ತೆರೆ ಅಚ್ಚಗನ್ನಡ. ಯಕ್ಷಗಾನದಲ್ಲಿ ಇಬ್ಬರು ಹಿಡಿದು ನಿಲ್ಲುವ ಬಟ್ಟೆ ತೆರೆ, ಕಡಲ ಅಲೆಯೂ ತೆರೆ. ತಮಿಳಿನ ‘ತಿರೈ’ಗೂ ಈ ಎರಡು ಅರ್ಥಗಳಿವೆ. ‘ತೆರೆಹಿಡಿತ’ ಎನ್ನಿ. ವೆಬ್‌ಕ್ಯಾಮ್‌ಗೆ ‘ಬಲೆಗಣ್ಣು’.

ಚಾಮರಾಜಪೇಟೆಯಿಂದ:

ಬಲೆಯ ಕಣ್ಣು ಎಂದರೆ ಮೀನುಗಾರರ ಬಲೆಯ ತೂತು, ಸ್ವಾಮಿ.

ವಿಜಯನಗರದಿಂದ:

ವೆಬ್‌ಕ್ಯಾಮ್ ಎಂಬ ಹೆಸರೇ ಸಡಿಲ, ಅದನ್ನು ಅಕ್ಷರಶಃ ಅನುವಾದಿಸುವ ಹಟವೇಕೆ? 1991ರಲ್ಲಿ ಕೇಂಬ್ರಿಜ್‌ನ ಗಣಕ ಪ್ರಯೋಗಾಲಯದವರು ಪಾತ್ರೆಯಲ್ಲಿ ಕಾಫಿ ಇದೆಯೇ ಎಂದು ಕುಳಿತಲ್ಲಿಂದಲೇ ನೋಡಲು ಕ್ಯಾಮೆರಾ ಇಟ್ಟರು. ಆಗ ಅದು ಒಳಜಾಲದಲ್ಲಷ್ಟೇ ಇತ್ತು, ವೆಬ್‌ಗೆ ಬಂದದ್ದು 1993ರಲ್ಲಿ. ನಿಮ್ಮ ತರಬೇತಿಯ ಕ್ಯಾಮೆರಾವಂತೂ ಅಂತರ್ಜಾಲವಿಲ್ಲದೆಯೂ ನಡೆಯುತ್ತದೆ. ಪದಕ್ಕಿಂತ ಮುಖ್ಯವಾದದ್ದನ್ನು ಹೇಳಿಕೊಡಿ. ಮಾತನಾಡುವಾಗ ಪರದೆಯಲ್ಲಿನ ತಮ್ಮ ಮುಖವನ್ನಲ್ಲ, ಮಸೂರವನ್ನು ನೋಡಲಿ. ಮೊಬೈಲ್‌ನಲ್ಲಿ ನೋಡುವವರಿಗೂ ಓದಲು ಬರುವಷ್ಟು ಅಕ್ಷರ ದೊಡ್ಡದಿರಲಿ. ನಡುವೆ ಕರೆಂಟ್ ಹೋದರೆ ಸಾಧಾರಣ ಎಂಪಿ4 ಕಡತ ತೆರೆಯುವುದೇ ಇಲ್ಲ. ಎಂಕೆವಿ ಎಂಬ ಇನ್ನೊಂದು ಬಗೆಯ ವಿಡಿಯೊ ಕಡತವಾದರೆ ಅಲ್ಲಿಯವರೆಗಿನದು ಉಳಿಯುತ್ತದೆ.

ಮಲ್ಲೇಶ್ವರದಿಂದ:

ಇದು ಪದಚರ್ಚೆಯ ಬಳಗ, ರಿಪೇರಿ ಅಂಗಡಿಯಲ್ಲ. ಎರವಲು ಪದ ಬೇಡವೆಂದವರು ಯಾರು? ಬಸ್ಸು ಬರಲಿ. ಮನೆಯಲ್ಲಿ ಇರುವುದನ್ನೇ ಪಕ್ಕದ ಮನೆಯಿಂದ ಕಡ ತರಬೇಡಿ ಎಂದೆ.

ಕೋರಮಂಗಲದಿಂದ:

ಅಚ್ಚಿನವರು ಕಾಯುತ್ತಿದ್ದರು. ನಾಮಪದವನ್ನೇ ಬಿಟ್ಟು ಹೀಗೆ ಕಳಿಸಿದ್ದೇನೆ: ‘ನಿಮ್ಮ ಪರದೆಯನ್ನು ತೋರಿಸಿ, ಮುಖವನ್ನೂ ತೋರಿಸಿ, ವಿಡಿಯೊ ಮಾಡಿ’.

ಮಲ್ಲೇಶ್ವರದಿಂದ:

ವಿಡಿಯೊ ಲ್ಯಾಟಿನ್.